ಮೂರನೆಯ ಹಾಳೆ

“ಟೈಲರ್ರಾ? ಅಮೆರಿಕದ ಅಧ್ಯಕ್ಷನಾ?” ರವಿಕೆಗೆ ಹುಕ್ ಹಾಕುತ್ತಿದ್ದ ಗಂಗಲಕ್ಷ್ಮಿ ಸೂಜಿಯನ್ನು ಅಲ್ಲೇ ನಿಲ್ಲಿಸಿದಳು.

“ಹೂಂ ಅಕ್ಕ. ನೂರೈವತ್ತು ವರ್ಷದ ಹಿಂದೆ. ಆಂಡ್ರ್ಯೂ ಜಾನ್ಸನ್ ಅಂತ. ಇಸ್ಕೂಲ್ ಮೆಟ್ಟಿಲು ಹತ್ತಿದೋನಲ್ಲ. ಹೆಂಡ್ತಿ ಎಲೈಜಾ, ಚಪ್ಪಲಿ ಹೊಲಿಯೋರ ಮಗಳು. ಅವನು ಬಟ್ಟೆ ಹೊಲೀತಿದ್ರೆ ಆಯಮ್ಮ ಪಕ್ಕದಲ್ಲಿ ಕೂತು ಓದಿ ಹೇಳೋಳಂತೆ. ಬರಹ ತಿದ್ದಿಸಿದ್ದೂ ಆಯಮ್ಮನೇ.” ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುವ ಅಶ್ವಿನಿ ಬೆಳಿಗ್ಗೆಯೇ ರವಿಕೆಗೆಂದು ಬಂದವಳು, ಮಹಿಳಾ ದಿನದ ಭಾಷಣಕ್ಕೆ ತಂದ ಪುಸ್ತಕ ಬಿಚ್ಚಿಕೊಂಡು ಕೂತುಬಿಟ್ಟಿದ್ದಳು.

ಊರಿಗೆಲ್ಲ ಗೊತ್ತಿರುವ ಗುಟ್ಟೊಂದನ್ನು ಇಲ್ಲಿ ಹೇಳಿಬಿಡಬೇಕು. ಈ ಅಂಗಡಿಯ ಟೈಲರ್, ಗಂಗಲಕ್ಷ್ಮಿಯ ಗಂಡ ಪಾಲಾಕ್ಷ, ಈಗ ಗ್ರಾಮ ಪಂಚಾಯಿತಿ ಅಧ್ಯಕ್ಷ. ಊರಲ್ಲಿ ಯಾರ ಅಂಗಿಯ ಅಳತೆ ಕೇಳಿದರೂ ಬಾಯಲ್ಲೇ ಹೇಳುತ್ತಾನೆ, ಆದರೆ ಓದು ಬಾರದು. ಸಹಿ ಬರುತ್ತದೆ, ಅದನ್ನು ಕಲಿಸಿದ್ದೂ ಹೆಂಡತಿಯೇ. ಪಂಚಾಯಿತಿಯ ಕಾಗದಗಳನ್ನು ಸಂಜೆ ಅವಳು ಓದುತ್ತಾಳೆ, ಅವನು ಮಿಷನ್ ತುಳಿಯುತ್ತ ಕೇಳುತ್ತಾನೆ.

“ಅಧ್ಯಕ್ಷನ ಮನೆಗೆ ಬಂದ್ಮೇಲೆ ಆಯಮ್ಮಂಗೆ ಕಾಯಿಲೆ. ಜನದ ಮುಂದೆ ಬಂದಿದ್ದೇ ಕಮ್ಮಿ. ಮಹಡಿ ಮೇಲೆ ಕೂತು ಪೇಪರೆಲ್ಲ ಓದಿ ಕತ್ತರಿಸಿ ಇಡೋಳಂತೆ. ಒಳ್ಳೆ ಸುದ್ದಿ ಸಂಜೆ ತೋರ್ಸೋದು, ಕೆಟ್ಟ ಸುದ್ದಿ ಬೆಳಿಗ್ಗೆ. ಗಂಡ ನೆಮ್ಮದಿಯಾಗಿ ಮಲಗ್ಲಿ ಅಂತ. ಅವನನ್ನ ಕುರ್ಚಿಯಿಂದ ಇಳಿಸೋಕೆ ವಿಚಾರಣೆ ನಡೆದು, ಕೊನೆಗೆ ಉಳ್ಕೊಂಡ ಅಂತ ಸುದ್ದಿ ಬಂದಾಗ, ‘ನಂಗೆ ಗೊತ್ತಿತ್ತು’ ಅಂದ್ಲಂತೆ.”

ಗಂಗಲಕ್ಷ್ಮಿ ಪುಸ್ತಕದತ್ತ ಬಗ್ಗಿ ನೋಡಿದಳು. ತಾನು ಯಾರಿಗೂ ಹೇಳದ ಸಂಗತಿ, ಕಡಲಾಚೆ ಎಂದೋ ತೀರಿಹೋದ ಹೆಂಗಸಿಗೆ ಹೇಗೆ ಗೊತ್ತಾಯಿತು? ನಿನ್ನೆ ಗ್ರಾಮಸಭೆಯ ಲಕೋಟೆಯಲ್ಲಿದ್ದ ಮೂರು ಹಾಳೆಗಳಲ್ಲಿ ಅವಳು ಎರಡನ್ನೇ ಓದಿದ್ದಳು. ಮೂರನೆಯದನ್ನು ಶಿರಾದಿಂದ ತಂದ ಲೈನಿಂಗ್ ಬಟ್ಟೆಯಡಿ ಸೇರಿಸಿ, ಏನಾದರೂ ನೆಪ ಹೇಳಿ ಗಂಡನನ್ನು ಇವತ್ತಿನ ಸಭೆಗೆ ಕಳಿಸದಿದ್ದರಾಯಿತು ಎಂದುಕೊಂಡಿದ್ದಳು.

“ಬೆಳಿಗ್ಗೆ ತಪ್ಪದೆ ತೋರ್ಸೋಳಾ?”

“ತೋರ್ಸೋಳಂತೆ ಅಕ್ಕ.”

ಅಷ್ಟರಲ್ಲಿ ಪಾಲಾಕ್ಷ ಇಸ್ತ್ರಿ ಅಂಗಿ ತೊಟ್ಟು ಬಂದ. “ಹೊತ್ತಾಯ್ತು ಕಣೇ, ಸಭೆಗೆ ಹೋಗ್ಬರ್ತೀನಿ.”

“ಒಂದ್ನಿಮ್ಷ ಕೂತ್ಕಳಿ,” ಎಂದು ಗಂಗಲಕ್ಷ್ಮಿ ಬಟ್ಟೆಯಡಿಯಿಂದ ಹಾಳೆ ತೆಗೆದು ಓದಿದಳು. ‘ಓದು ಬಾರದವರು ಅಧ್ಯಕ್ಷರಾಗಿದ್ದಾರೆ. ಹೆಂಡತಿ ಓದಿ ಹೇಳಿದ್ದಕ್ಕೆಲ್ಲ ಸಹಿ ಹಾಕುತ್ತಾರೆ. ಸಭೆಯಲ್ಲೇ ರಾಜೀನಾಮೆ ಕೊಡಬೇಕು.’ ಒಂದಕ್ಷರವನ್ನೂ ಬಿಡಲಿಲ್ಲ. ಕೆಳಗಿದ್ದ ಹನ್ನೊಂದು ಹೆಸರುಗಳಲ್ಲಿ ಹತ್ತನ್ನು ಓದಿ, ಮೊದಲನೆಯದನ್ನು ಕೊನೆಗೆ ಹೇಳಿದಳು. “ತಿಮ್ಮರಾಜು.”

ಅವನು ಪಾಲಾಕ್ಷನ ಒಡಹುಟ್ಟಿದ ಅಣ್ಣ. ಪಾಲಾಕ್ಷ ಮಿಷನ್ ಮೇಲಿದ್ದ ದಾರದ ಚೂರುಗಳನ್ನೆಲ್ಲ ಒಂದೊಂದಾಗಿ ಆರಿಸಿದ. ಅಶ್ವಿನಿಗೆ ಅಲ್ಲಿಂದ ಎದ್ದುಹೋಗಲೂ ಆಗಲಿಲ್ಲ.

“ನಡಿ, ನೀನೂ ಬಾ,” ಎಂದ ಕೊನೆಗೆ. “ಸಭೇಲಿ ಇದನ್ನ ನೀನೇ ಓದು. ಆಮೇಲೆ ನಾನು ಮಾತಾಡ್ತೀನಿ.”

“ಅಷ್ಟು ಜನದ ಮುಂದಾ?”

“ನೀನು ಓದ್ತೀಯ ಅಂತ ಅವ್ರೇ ಬರ್ದವ್ರಲ್ಲ. ಕೇಳ್ಲಿ.”

ಗಂಗಲಕ್ಷ್ಮಿಯ ಕಣ್ಣು ತುಂಬಿತು. “ನಿನ್ನೆ ಬಚ್ಚಿಟ್ಬುಟ್ಟೆ. ತೆಪ್ಪಾಯ್ತು.”

“ಬಚ್ಚಿಟ್ಟಿದ್ದು ನಿನ್ನೇನೇ ಗೊತ್ತಾಯ್ತು. ಲಕೋಟೆ ಮುಟ್ಟಿದಾಗ್ಲೇ ಮೂರು ಹಾಳೆ ದಪ್ಪ ಇತ್ತು. ಬಟ್ಟೆ ಹಿಡಿದ ಬೆರಳು ಕಣೇ ಇವು. ನೀನು ಓದಿದ್ದು ಎರಡು.”

ಅಶ್ವಿನಿ ತಡೆಯಲಾರದೆ ಕೇಳಿದಳು, “ಗೊತ್ತಿದ್ದೂ ಕೇಳ್ಲಿಲ್ವಾ ಅಣ್ಣ? ನಿದ್ದೆ ಹೆಂಗೆ ಬಂತು?”

ಪಾಲಾಕ್ಷ ಅಂಗಡಿಯ ಬಾಗಿಲೆಳೆಯುತ್ತ ಅಂದ, “ಬೆಳಿಗ್ಗೆ ಓದ್ತಾಳೆ ಅಂತಲೂ ಗೊತ್ತಿತ್ತು ಕಣಮ್ಮ.”

ಗಂಗಲಕ್ಷ್ಮಿ ಅಶ್ವಿನಿಯ ಕೈಲಿದ್ದ ಪುಸ್ತಕವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.