ಅರವತ್ತಮೂರು ರಾಸು

"ನನ್ನ ದನದ ಬಗ್ಗೆ ಏನ್ ಬರ್ದೀಯ, ಓದವ್ವ." ದೇವರಿಗೆ ಬಿಟ್ಟ ದನ ಕಾಯುವ ಚಿಕ್ಕೀರಪ್ಪ ರಟ್ಟು ಹಾಕಿದ ಮಹಾಪ್ರಬಂಧವನ್ನು ಮುಟ್ಟಲೂ ಇಲ್ಲ. ತಳಕಿನ ಹತ್ತಿರದ ಈ ದೊಡ್ಡಿಗೆ ಮೂರು ವರ್ಷ ಅಲೆದು ಡಾಕ್ಟರೇಟ್ ಪಡೆದ ಪ್ರೇಮಲತಾ ಪುಟ ತೆರೆದಳು. "ಈ ಹಿಂಡಿನಲ್ಲಿ ಅರವತ್ತಮೂರು ರಾಸುಗಳಿವೆ."

"ಅಷ್ಟೇನಾ?"

"ಯೂನಿವರ್ಸಿಟಿಗೆ ಅಷ್ಟು ಸಾಕು, ಅಜ್ಜ."

"ಹಂಗಾದ್ರೆ ಅದನ್ನ ನೋಡ್ಕೊಂಡು ಒಂದು ದನ ಕರಿ. ಬರ್ತೈತೇನೋ ನೋಡಾನ."

ಪ್ರೇಮಲತಾ ಪುಟ ತಿರುವಿದಳು; ಒಂದು ದನದ ಹೆಸರೂ ಅದರಲ್ಲಿರಲಿಲ್ಲ. ಆ ಮೂರು ವರ್ಷ ಮುದುಕ ಒಂದೊಂದರ ಹೆಸರು ಹೇಳುತ್ತಿದ್ದಾಗಲೆಲ್ಲ ಅವಳು ತಲೆ ಎಣಿಸುತ್ತಿದ್ದಳು. ಈಗ ಅವನು ಅವಳತ್ತ ನೋಡದೆ, ಮೆಲ್ಲಗೆ "ಬೊಮ್ಮೀ" ಎಂದ. ದೊಡ್ಡಿಯ ಆ ತುದಿಯಲ್ಲಿ ಬಿಳಿ ಹಸುವೊಂದು ಮೇವು ಬಿಟ್ಟು ತಲೆಯೆತ್ತಿ, ನೇರ ಅವನತ್ತ ನಡೆದು ಬಂತು.

ಅವಳ ಕೈ ತಾನಾಗಿ ಪೆನ್ನಿಗೆ ಹೋಯಿತು.

"ಒಳಗಿಡು," ಎಂದ ಚಿಕ್ಕೀರಪ್ಪ. "ನಿಂಗೆ ಬೇಕಾದ ಪದವಿ ಸಿಕ್ಕೈತಲ್ಲ."