ಅಟ್ಟದ ಮೇಲಿನ ಕುಟ್ಟಾಣಿ

ಗಂಡ ಹಲ್ಲಿನ ಸೆಟ್ ಹಾಕಿಸಿಕೊಂಡು ಬಂದ ಮೂರನೆಯ ದಿನ ಉಚ್ಚಂಗೆಮ್ಮ, ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯನ್ನು ತೊಳೆದು, ಒರೆಸಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟುಬಿಟ್ಟಳು.

"ಅದನ್ಯಾಕ ಮ್ಯಾಲ ಇಟ್ಟಿ?" ಎಂದ ಚಿದಾನಂದಪ್ಪ.

"ನಿಮಗ ಹಲ್ಲು ಬಂದಾವಲ್ಲ. ಇನ್ನ ಅದರದೇನು ಕೆಲಸ?"

ಮಾತು ಸರಿಯಾಗಿಯೇ ಇತ್ತು. ತಪ್ಪು ಹುಡುಕಲು ಹೋದರೆ ಸಿಗಲಿಲ್ಲ. ಅವನು ಬೊಚ್ಚುಬಾಯಿಯಾಗಿ ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ, ಮಧ್ಯಾಹ್ನದ ಊಟವಾದ ಮೇಲೆ ಕಟ್ಟೆಯ ಮೇಲೆ ಕುಳಿತು ಅವಳು ಎಲೆ ಅಡಿಕೆ ಕುಟ್ಟಿ ಕೊಟ್ಟಿದ್ದಳು. ಕುಟ್ಟುತ್ತ ಕುಟ್ಟುತ್ತ ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಯಾರ ಎಮ್ಮೆ ಈದಿತು ಎಲ್ಲ ಹೇಳುವಳು. ಅಡಿಕೆ ನುಣ್ಣಗಾಗುವ ಹೊತ್ತಿಗೆ ಕುರುಗೋಡಿನ ಅರ್ಧ ಊರು ಮುಗಿದಿರುತ್ತಿತ್ತು. ಕೆಂಪಗಾದ ಮುದ್ದೆಯನ್ನು ಹೆಬ್ಬೆರಳಿನಿಂದ ಎರಡು ಮಾಡಿ, ದೊಡ್ಡದನ್ನು ಅವನ ಅಂಗೈಗೆ ಹಾಕಿ, ಉಳಿದದ್ದನ್ನು ತನ್ನ ದವಡೆಗೆ ಇಟ್ಟುಕೊಳ್ಳುವಳು. ಈಗ ಎಲೆಯ ತಟ್ಟೆಯನ್ನು ಅವನ ಮುಂದೆ ಸರಿಸಿ, "ತಗೋರಿ, ಕಡೀರಿ" ಎಂದು ಪಕ್ಕದ ಮನೆಗೆ ಧಾರಾವಾಹಿ ನೋಡಲು ಹೊರಟುಬಿಡುತ್ತಾಳೆ. ತಾನು ಎಲೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಾಳೆ.

ಹಲ್ಲಿನ ಮೇಲೆ ಅವನ ದೂರೇನೂ ಇರಲಿಲ್ಲ. ಖಡಕ್ ರೊಟ್ಟಿ, ಹುರಿದ ಶೇಂಗಾ, ಸಂತೆಯ ಪೇರಲಹಣ್ಣು, ಹೀಗೆ ಇಷ್ಟು ವರ್ಷ ಬರೀ ನೋಡಿ ಬಿಟ್ಟಿದ್ದನ್ನೆಲ್ಲ ಕಡಿದ. ಮಧ್ಯಾಹ್ನದ ಎಲೆ ಮಾತ್ರ ರುಚಿಸಲಿಲ್ಲ. ಕಟ್ಟೆಯ ಮೇಲೆ ಒಬ್ಬನೇ ಕಟಕಟ ಅಡಿಕೆ ಕಡಿಯುತ್ತಿದ್ದರೆ, ಯಾರದೋ ಮನೆಗೆ ಬಂದು ಮನೆಯವರಿಗಾಗಿ ಕಾಯುತ್ತ ಕುಳಿತ ಹಾಗಾಗುತ್ತಿತ್ತು. ಅವಳಿಗೆ ಏನಾಗಿದೆ? ತಾನು ಬೈದಿಲ್ಲ, ಬಡಿದಿಲ್ಲ. ಕೇಳಿದರೆ "ಏನೂ ಆಗಿಲ್ಲ" ಅನ್ನುತ್ತಾಳೆ.

ಗಾದಿ ಹೊಲಿಯುವ ಗೌಸಸಾಬನ ಅಂಗಡಿಗೆ ಹೋಗಿ ಕುಳಿತು ಎಲ್ಲ ಹೇಳಿಕೊಂಡ.

"ಇಷ್ಟೂ ತಿಳಿಯಂಗಿಲ್ಲೇನಲೇ ಚಿದಾನಂದ?" ಗೌಸಸಾಬ ಹತ್ತಿ ತುಂಬುತ್ತಲೇ ನಕ್ಕ. "ನೀ ಹಲ್ಲು ಹಾಕ್ಕೊಂಡು ಮದುಮಗ ಆಗಿ ಕುಂತಿ. ಆಕಿ ದವಡಿ ಹಲ್ಲು ಹೋಗಿರ್ತಾವ, ಯಾರ ಮುಂದ ಹೇಳಬೇಕು? ಹೊಟ್ಟಿಕಿಚ್ಚು ಅದು. ಆಕಿಗೂ ಒಂದು ಸೆಟ್ ಹಾಕಿಸು, ತಾನ ಸರಿಹೋಗ್ತಾಳ."

ಹೌದಲ್ಲ ಅನ್ನಿಸಿತು. ಮುಂದಿನ ಹಲ್ಲುಗಳೇನೋ ನಕ್ಕಾಗ ಕಾಣುತ್ತಿದ್ದವು. ಹಿಂದಿನವು? ಕುಟ್ಟಿದ ಎಲೆಯನ್ನೇ ತಿಂದವಳು, ರೊಟ್ಟಿಯನ್ನೂ ಅವನ ಹಾಗೆ ಸಾರಿನಲ್ಲಿ ನೆನೆಸಿಯೇ ತಿಂದವಳು. ತನಗೆ ಮೊದಲೇ ಹೊಳೆಯಬೇಕಿತ್ತು.

ಸೆಟ್ಟಿನ ಅಂಚು ತೀಡಿಸಿಕೊಳ್ಳಲು ಬಳ್ಳಾರಿಗೆ ಹೋಗಬೇಕಿದ್ದ ದಿನ ಅವಳನ್ನೂ ಬಸ್ಸು ಹತ್ತಿಸಿದ. ಪಾರ್ವತಿನಗರದ ಡಾಕ್ಟರಮ್ಮ ಅವನ ಕೆಲಸ ಮುಗಿಸಿ ಕೈ ತೊಳೆಯಲು ಎದ್ದಾಗ, "ನಮ್ಮಾಕಿದೂ ಒಂಚೂರು ನೋಡ್ರಿ. ದವಡಿ ಹಲ್ಲು ಎಲ್ಲಾ ಹೋಗ್ಯಾವ" ಎಂದ.

"ನನಗ್ಯಾಕ? ನಡೀರಿ, ಬಸ್ಸಿಗೆ ಹೊತ್ತಾಕ್ಕೈತಿ," ಎಂದು ಉಚ್ಚಂಗೆಮ್ಮ ಕೊಸರಿದಳು. ಡಾಕ್ಟರಮ್ಮ ಬಿಡಲಿಲ್ಲ. ಕುರ್ಚಿಯಲ್ಲಿ ಕೂರಿಸಿ, ಬಾಯಿ ತೆರೆಸಿ, ಪುಟ್ಟ ಕನ್ನಡಿ ಹಿಡಿದು ಒಂದೊಂದಾಗಿ ನೋಡಿದಳು.

"ಅಜ್ಜಾ, ಯಾವುದು ಹೋಗೈತಿ? ಮೂವತ್ತೊಂದು ಅದಾವು. ಒಂದೂ ಅಲ್ಲಾಡವಲ್ದು. ಅಡಿಕಿ ಏನು, ಕಬ್ಬು ಕೊಟ್ರೂ ಸಿಗಿದು ಒಗೀತಾರ ಅಮ್ಮಾರು."

ಉಚ್ಚಂಗೆಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡು ಕುರ್ಚಿಯಿಂದ ಇಳಿದಳು. ಕದ್ದು ಸಿಕ್ಕಿಬಿದ್ದವಳ ಮುಖವಾಗಿತ್ತು ಅವಳದು.

ಬಸ್ಸು ಕೋಳೂರು ಕ್ರಾಸ್ ದಾಟಿದ ಮೇಲೆ ಅವನು ಅವಳ ಕಡೆ ತಿರುಗಿದ.

"ಮತ್ತ ಇಷ್ಟು ವರ್ಷ ನೀ ಯಾಕ ಕುಟ್ಟಿದ್ದು ತಿಂದಿ?"

"ಬ್ಯಾರೆ ಬ್ಯಾರೆ ಯಾರು ಮಾಡ್ಕೋಂತ ಕುಂದ್ರತಾರ?" ಅವಳು ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

"ರೊಟ್ಟಿ?"

"ಅದೂ ಅಷ್ಟ."

"ಈಗ್ಯಾಕ ಎಲಿ ಬಿಟ್ಟಿ?"

"ಈಗ ನೆನಪಾಗವಲ್ದು."

ಇದು ಉತ್ತರವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಕುಟ್ಟಿದ ಎಲೆಯೋ, ಕುಟ್ಟುವ ಕೆಲಸವೋ? ಬೇಕಾಗಿದ್ದರೆ ಬಾಯಿಬಿಟ್ಟು ಹೇಳಬಾರದಿತ್ತೇ? ಹಾಗಾದರೆ ತಾನು ಹಲ್ಲು ಹಾಕಿಸಿಕೊಂಡದ್ದೇ ತಪ್ಪಾಯಿತೇ? ಮನುಷ್ಯ ಮುದುಕನಾದ ಮೇಲೆ ಶೇಂಗಾ ತಿನ್ನಬಾರದೇ? ಕುರುಗೋಡಿನ ಗುಡ್ಡ ಕಾಣಿಸಿತು, ಊರು ಬಂತು.

ಮರುದಿನ ಊಟವಾಯಿತು. ಉಚ್ಚಂಗೆಮ್ಮ ಎಲೆಯ ತಟ್ಟೆ ತಂದಿಟ್ಟು, ಚಪ್ಪಲಿ ಮೆಟ್ಟಿ ಪಕ್ಕದ ಮನೆಗೆ ಹೊರಟಳು. ಚಿದಾನಂದಪ್ಪ ಸೆಟ್ಟನ್ನು ಬಾಯಿಂದ ತೆಗೆದು ನೀರಿನ ಲೋಟದಲ್ಲಿ ಹಾಕಿ ಪಕ್ಕಕ್ಕಿಟ್ಟ.

ಅವಳು ನಿಂತಳು. "ಯಾಕ ತಗದ್ರಿ?"

"ಒಸಡು ನೋಯ್ತಾವ."

"ನಿನ್ನಿ ತೀಡಿ ಕೊಟ್ಟಾರಲ್ಲ."

"ಆದರೂ ನೋಯ್ತಾವ."

ಅವಳು ಲೋಟದೊಳಗೆ ಕಿರಿದುಕೊಂಡಿದ್ದ ಹಲ್ಲುಗಳನ್ನು ನೋಡಿದಳು. ಒಳಕ್ಕೆ ಎಳೆದುಕೊಂಡಿದ್ದ ಅವನ ತುಟಿಗಳನ್ನು ನೋಡಿದಳು. ಅವನು ಬೆಳಿಗ್ಗೆ ಕುಳಿತು ತಿಂದಿದ್ದ ಶೇಂಗಾ ಸಿಪ್ಪೆ ಕಟ್ಟೆಯ ಕೆಳಗೆ ಹಾಗೇ ಬಿದ್ದಿತ್ತು. ಅದನ್ನೂ ನೋಡಿದಳು.

"ಸುಳ್ಳು ಹೇಳಾಕ ಹಲ್ಲು ಬೇಕಾಗಂಗಿಲ್ಲ ನೋಡ್ರಿ," ಎಂದವಳೇ ಚಪ್ಪಲಿ ಬಿಟ್ಟು ಒಳಗೆ ನಡೆದಳು.

ಸಿಟ್ಟೋ ನಗೆಯೋ, ದನಿಯಿಂದ ಗೊತ್ತಾಗಲಿಲ್ಲ. ಹಲ್ಲು ಮತ್ತೆ ಹಾಕಿಕೊಳ್ಳಬೇಕೋ ಬೇಡವೋ ತಿಳಿಯದೆ ಅವನು ಲೋಟವನ್ನು ಕೈಯಲ್ಲಿ ಹಿಡಿದು ಕುಳಿತ. ಒಳಗೆ, ಅಟ್ಟದ ಏಣಿ ಎಳೆದ ಸದ್ದಾಯಿತು.