ಐದು ಮೀಟರ್ ನೀರು, ಹಸಿರು ಪರದೆ

ಗೋಡೆಯ ಪರದೆ ಕೆಂಪಾದ ಕೂಡಲೇ ವೊಂಬ್ಯಾಟ್ ಎಂಬ ಗುಂಡು ಪ್ರಾಣಿಯ ಬಟ್ಟೆಬೊಂಬೆಯೊಂದು ಹಾರಿಬಂದು ಟ್ಯಾಮ್ಸಿನ್‌ಳ ಕೀಲಿಮಣೆಯ ಮೇಲೆ ಧೊಪ್ಪನೆ ಬಿತ್ತು. ಎಸೆದವನು ಅವಳ ಮೇಲಧಿಕಾರಿ ಡಾರಿಲ್. ಹೋಬಾರ್ಟಿನ ಆ ಪುಟ್ಟ ಸಾಫ್ಟ್‌ವೇರ್ ಕಚೇರಿಯಲ್ಲಿ ಅದೊಂದು ಪದ್ಧತಿ. ಯಾರು ನಡೆಸಿದ ಪರೀಕ್ಷೆಯಲ್ಲಿ ಪ್ರೋಗ್ರಾಂ ಸೋತು ಪರದೆ ಕೆಂಪಾಗುತ್ತದೋ ಅವರ ಮೇಜಿನ ಮೇಲೆ ಈ ಹೊಟ್ಟೆ ಹರಿದ ಬೊಂಬೆ ಕೂರಬೇಕು, ಶುಕ್ರವಾರ ಬೆಳಗಿನ ಚಹಾಕ್ಕೆ ಎಲ್ಲರಿಗೂ ಅವರೇ ಕೇಕ್ ತರಬೇಕು. ದಂಡ ತಪ್ಪು ಮಾಡಿದವರಿಗಲ್ಲ, ತಪ್ಪು ಹಿಡಿದವರಿಗೆ. ಹೀಗಾಗಿ ಕಚೇರಿಯಲ್ಲಿ ಯಾರ ಕಣ್ಣಿಗೂ ತಪ್ಪು ಬೀಳುತ್ತಿರಲಿಲ್ಲ. ಟ್ಯಾಮ್ಸಿನ್ ಒಬ್ಬಳ ಕಣ್ಣು ಮಾತ್ರ ಇನ್ನೂ ಕೆಟ್ಟಿರಲಿಲ್ಲ. ವಾರವಾರವೂ ಕೇಕ್ ಒಯ್ಯುವ ಅವಳನ್ನು ನಿಮಗೆಷ್ಟು ಮಕ್ಕಳು ಎಂದು ಬೇಕರಿಯಾಕೆ ಕೇಳತೊಡಗಿದ್ದಳು.

"ಮತ್ತೆ ನೀನೇನಾ ಟ್ಯಾಮ್ಸ್?" ಡಾರಿಲ್ ಹಲ್ಲು ಬಿಟ್ಟ. "ಈ ಸಲ ಲ್ಯಾಮಿಂಗ್ಟನ್ ತಾ ಮಾರಾಯ್ತಿ, ಆ ಚಾಕೊಲೇಟು-ಕೊಬ್ಬರಿ ಕೇಕು. ಹೋದ ಸಲದ ಕ್ಯಾರೆಟ್ ಕೇಕ್ ಗಂಟಲಲ್ಲಿ ಇಳೀಲಿಲ್ಲ."

"ಕೇಕ್ ಆಮೇಲೆ. ಮೊದ್ಲು ಇದನ್ನ ನೋಡು. ಕ್ವಾಲ್ ನದೀಲಿ ಐದು ಮೀಟರ್ ಹನ್ನೆರಡು ಸೆಂಟಿಮೀಟರ್ ನೀರು ಅಂತ ಕೊಟ್ಟೆ. ನಮ್ಮ ಪ್ರೋಗ್ರಾಂ ಎರಡೇ ಸೆಂಟಿಮೀಟರ್ ಅಂತಿದೆ."

"ಒಳ್ಳೇದೇ ಆಯ್ತಲ್ಲ, ಕಾಲ್ಚೀಲನೂ ಒದ್ದೆ ಆಗಲ್ಲ."

ಸುತ್ತಲಿನ ಮೇಜುಗಳವರು ನಕ್ಕರು. ಟ್ಯಾಮ್ಸಿನ್ ನಗಲಿಲ್ಲ. ನದಿಯ ದಡದ ಶೆಡ್ಡಿನಲ್ಲಿರುವ ನೀರು ಅಳೆಯುವ ಯಂತ್ರ ಹಳೇ ಕಾಲದ್ದು. ಒಂದು ಸಂಖ್ಯೆಯನ್ನು ಎರಡು ತುಂಡು ಮಾಡಿ ದೊಡ್ಡ ತುಂಡನ್ನು ಮೊದಲು ಇಡುವುದು ಅದರ ಅಭ್ಯಾಸ. ಚಿಕ್ಕದನ್ನು ಮೊದಲು ಇಡುವುದು, ಅದನ್ನು ಓದಿ ಸೈರನ್‌ಗೆ ಹೇಳುವ ಹೊಸ ಕಂಪ್ಯೂಟರಿನ ಅಭ್ಯಾಸ. ಅಂಥ ಹಳೆಯ ಯಂತ್ರ ಈಗ ಎಲ್ಲೂ ಸಿಗುವುದಿಲ್ಲವೆಂದು ಅವಳು ತನ್ನ ಕಂಪ್ಯೂಟರಿನೊಳಗೇ ಎಮ್ಯುಲೇಟರ್ ಕೂರಿಸಿ, ಅದಕ್ಕೆ ಹಳೆಯದರ ವೇಷ ಕಟ್ಟಿಸಿದ್ದಳು. ವೇಷದ ಯಂತ್ರ ಬರೆದದ್ದನ್ನು ಹೊಸದು ಹಿಂದುಮುಂದಾಗಿ ಓದಿ, ಪ್ರವಾಹವನ್ನು ಕಾಲು ತೊಳೆಯುವ ನೀರು ಮಾಡಿಟ್ಟಿತ್ತು. ನಾಲ್ಕು ಮೀಟರ್ ದಾಟಿದರೆ ಸೈರನ್ ಕೂಗಿ ಊರನ್ನು ಎಬ್ಬಿಸಬೇಕು. ಎರಡು ಸೆಂಟಿಮೀಟರಿಗೆ ಯಾವ ಸೈರನ್ ಬಾಯಿ ಬಿಡುತ್ತದೆ? ಆ ದಡದಲ್ಲೇ ಟ್ಯಾಮ್ಸಿನ್‌ಳ ಅಕ್ಕ ಕೆರಿನ್, ರಜೆಗೆ ಬಂದವರು ಗಾಲಿಮನೆಗಳಲ್ಲಿ ತಂಗುವ ಕ್ಯಾರವಾನ್ ಪಾರ್ಕ್ ನಡೆಸುತ್ತಿದ್ದಳು. ಈಸ್ಟರ್ ರಜೆಗೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರಜೆಗೆ ಮುಂಚೆಯೇ, ಬರುವ ಸೋಮವಾರ, ಈ ಹೊಸ ಪ್ರೋಗ್ರಾಂ ಸೈರನ್ನಿನ ಕಂಪ್ಯೂಟರಿಗೆ ಹೋಗುವುದಿತ್ತು.

"ಅದು ನಿಜವಾದ ಯಂತ್ರ ಅಲ್ಲ ಕಣೇ, ಬರೀ ನಾಟಕ," ಎಂದ ಡಾರಿಲ್.

"ನಾಟಕದಲ್ಲಿ ಮುಳುಗಿದ್ರೆ ಯಾರೂ ಸಾಯಲ್ಲ. ಅದಕ್ಕೇ ಇಲ್ಲಿ ಮುಳುಗಿಸ್ತಾ ಇದೀನಿ."

"ಏಳು, ನಾನು ಸರಿ ಮಾಡ್ತೀನಿ." ಡಾರಿಲ್ ಅಂಗಿಯ ತೋಳು ಮಡಚಿ ಅವಳ ಕುರ್ಚಿಯಲ್ಲೇ ಕೂತ. ಟ್ಯಾಮ್ಸಿನ್‌ಗೆ ಎದೆ ಹಗುರಾಯಿತು. ಓದುವಾಗ ಆ ಎರಡು ತುಂಡುಗಳನ್ನು ಅದಲುಬದಲು ಮಾಡಿದರೆ ಮುಗಿಯಿತು, ಚಹಾ ಆರುವುದರೊಳಗೆ ಆಗುವ ಕೆಲಸ. ಚಹಾ ಆರುವ ಮೊದಲೇ ಪರದೆ ಹಸಿರಾಯಿತು. ಕಚೇರಿಯೆಲ್ಲ ಚಪ್ಪಾಳೆ ತಟ್ಟಿತು. ಡಾರಿಲ್ ಎದ್ದು ನಿಂತು ಎಲ್ಲರಿಗೂ ಬಾಗಿ ವಂದಿಸಿದ.

ಅವನು ಏನು ಮಾಡಿದ್ದಾನೆಂದು ನೋಡಿದ ಟ್ಯಾಮ್ಸಿನ್‌ಳ ಮೈ ಉರಿದುಹೋಯಿತು. ಪ್ರೋಗ್ರಾಮನ್ನು ಮಹರಾಯ ಮುಟ್ಟಿಯೇ ಇರಲಿಲ್ಲ. ಪರೀಕ್ಷೆಯನ್ನೇ ತಿದ್ದಿದ್ದ. ಮೊದಲು ವೇಷದ ಯಂತ್ರ ಬರೆಯುತ್ತಿತ್ತು, ಹೊಸದು ಓದುತ್ತಿತ್ತು. ಈಗ ವೇಷದ ಯಂತ್ರ ತಾನೇ ಬರೆದು, ತಾನೇ ಓದಿ, ತಲೆಯಾಡಿಸುತ್ತಿತ್ತು. ಉತ್ತರ ಬರೆದ ಹುಡುಗನ ಕೈಗೇ ಅಂಕ ಹಾಕಲು ಕೆಂಪು ಪೆನ್ನು ಕೊಟ್ಟ ಹಾಗಾಗಿತ್ತು.

"ಇದು ಪರೀಕ್ಷೇನಾ ಡಾರಿಲ್? ಓದಬೇಕಾದ್ದು ಊರಿನ ಸೈರನ್‌ಗೆ ಹೇಳೋ ಯಂತ್ರ. ಇದು ತನಗೆ ತಾನೇ ಓದ್ಕೊಂಡು ಖುಷಿಪಡ್ತಿದೆ!"

"ಹಸಿರು ಅಂದ್ರೆ ಹಸಿರು. ಪರೀಕ್ಷಕಿ ಒಪ್ಪಿಗೆ ಬೇಕು ಅಂತ ನಿಯಮ ಇದೆ ನೋಡು, ಆ ಗುಂಡಿ ಒತ್ತಿಬಿಡು, ಮನೆಗೆ ಹೋಗೋಣ."

"ಒತ್ತಲ್ಲ."

"ಬೇಡ ಬಿಡು. ಸೋಮವಾರ ಬೇರೆ ಪರೀಕ್ಷಕಿ ಒತ್ತುತ್ತಾಳೆ." ಡಾರಿಲ್‌ನ ನಗು ಹಾಗೇ ಇತ್ತು, ದನಿ ಮಾತ್ರ ತಣ್ಣಗಾಗಿತ್ತು.

ಕಚೇರಿ ಗಪ್‌ಚಿಪ್ಪಾಯಿತು. ಚಪ್ಪಾಳೆ ತಟ್ಟಿದವರೆಲ್ಲ ತಂತಮ್ಮ ಪರದೆಗಳಲ್ಲಿ ಮುಖ ಹುದುಗಿಸಿದರು. ಟ್ಯಾಮ್ಸಿನ್ ಕೈಕಟ್ಟಿ ನಿಂತೇ ಇದ್ದಳು. ಅವಳಿಗೆ ಭಯವೂ ಆಗಿತ್ತು. ಕೆಲಸ ಹೋದರೆ ಆ ಗುಂಡಿ ಒತ್ತುವುದನ್ನು ತಡೆಯುವವರು ಇನ್ನಾರೂ ಇರಲಿಲ್ಲ.

ಹೊರಟ ಡಾರಿಲ್, ಏನೋ ನೆನಪಾದವನಂತೆ ತಿರುಗಿ ಬಂದ. "ಅಂದ ಹಾಗೆ, ನಿಮ್ಮಕ್ಕನ ಪಾರ್ಕಲ್ಲಿ ಈಸ್ಟರ್‌ಗೆ ನಮಗೆ ಜಾಗ ಹಿಡಿಸಿದ್ದೆಯಲ್ಲ..."

"ಹಿಡಿಸಿದೀನಿ. ಮುಂದಿನ ಸಾಲು, ನೀರಿನ ಅಂಚಲ್ಲೇ. ಮಕ್ಕಳು ಕ್ಯಾರವಾನಿನ ಮೆಟ್ಟಿಲ ಮೇಲೆ ಕೂತೇ ಗಾಳ ಹಾಕಬೇಕು ಅಂದಿದ್ದೆ ನೀನು."

ಡಾರಿಲ್ ಗೋಡೆಯ ಕಡೆ ನೋಡಿದ. ಪರದೆಯ ತುಂಬ ಹಸಿರು, ಹುಡುಕಿದರೂ ಒಂದು ಕೆಂಪು ಚುಕ್ಕಿ ಇರಲಿಲ್ಲ. ಕುತ್ತಿಗೆ ಕೆರೆದುಕೊಂಡ.

"ಹಿಂದೆ, ಗುಡ್ಡದ ಮೇಲೆ ಏನಾದ್ರೂ ಖಾಲಿ ಇದ್ಯಾ, ಒಂದ್ಸಲ ಕೇಳ್ತೀಯಾ?"

ಅವನು ಮೆಲ್ಲಗೇ ಕೇಳಿದ್ದ. ಆದರೆ ಆ ಮೌನದಲ್ಲಿ ಅದು ಕೊನೆಯ ಮೇಜಿನವರೆಗೂ ಕೇಳಿಸಿತು. ಒಂದೊಂದಾಗಿ ತಲೆಗಳು ಪರದೆಗಳಿಂದ ಮೇಲೆದ್ದವು.

ಟ್ಯಾಮ್ಸಿನ್ ವೊಂಬ್ಯಾಟನ್ನು ಎತ್ತಿಕೊಂಡು ಹೋಗಿ, ಅವನ ಮೇಜಿನ ನಡುವೆ ಕೂರಿಸಿದಳು.

"ಲ್ಯಾಮಿಂಗ್ಟನ್ ತಾ ಮಾರಾಯ," ಎಂದಳು.